ಅಭಯಾರಣ್ಯದ ಗಡಿಯಾಚೆ: ತಳಕಲ್ ಬಯಲಿನಲ್ಲಿ ಯೋಜನೆಗಳೂ ಅಳಿವಿನಂಚಿನ ಜೀವಿಗಳೂ

ಗದಗದಿಂದ ಕೊಪ್ಪಳದ ಕಡೆ ಹೋಗುವ ಹಳೆಯ ರೈಲುಮಾರ್ಗ ಈಗ ತಳಕಲ್‌ನಲ್ಲಿ ಕವಲೊಡೆದಿದೆ. ಗದಗ–ವಾಡಿ ಹೊಸ ಮಾರ್ಗ ಇಲ್ಲಿಂದಲೇ ಉತ್ತರಕ್ಕೆ ತಿರುಗಿ ಕುಕನೂರು, ಯಲಬುರ್ಗಾ ಸೀಮೆ ದಾಟಿ ಕುಷ್ಟಗಿ ಸೇರುತ್ತದೆ. ಅದು ಲಿಂಗಸುಗೂರು, ಸುರಪುರ, ಶಹಾಪುರಗಳ ಮೇಲೆ ಹಾದು ವಾಡಿಯನ್ನು ಮುಟ್ಟಿದಾಗ ಒಟ್ಟು ಉದ್ದ ಸುಮಾರು 257 ಕಿಲೋಮೀಟರ್ ಆಗುತ್ತದೆ. 2013-14ರಲ್ಲಿ ಮಂಜೂರಾದ ಈ ಯೋಜನೆಯ ತಳಕಲ್–ಕುಷ್ಟಗಿ ಭಾಗದಲ್ಲಿ 2025ರ ಮೇ 15ರಂದು ರೈಲು ಓಡತೊಡಗಿತು. ಅದೇ ಬಯಲಿನಲ್ಲಿ ಕೆಲವು ವರ್ಷಗಳಿಂದ ಗಾಳಿಯಂತ್ರಗಳೂ ಎದ್ದಿವೆ. ಅವುಗಳ ಜೊತೆಗೆ ವಿದ್ಯುತ್ ತಂತಿ, ಉಪಕೇಂದ್ರ, ಕಂಬದಿಂದ ಕಂಬಕ್ಕೆ ಹೋಗುವ ಗರಸಿನ ರಸ್ತೆಗಳು ಬಂದಿವೆ. ಕೊಪ್ಪಳ ಜಿಲ್ಲೆಗೆ ರೈಲೂ ಬೇಕು, ವಿದ್ಯುತ್ತೂ ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಇಷ್ಟು ದೊಡ್ಡ ಕೆಲಸಗಳನ್ನು ಕೈಗೆತ್ತಿಕೊಳ್ಳುವ ಮುನ್ನ, ಈ ನೆಲದಲ್ಲಿ ಬದುಕಿರುವ ತೋಳ, ಚಿಗರಿ, ಕತ್ತೆಕಿರುಬಗಳ ಗತಿ ಏನಾದೀತು ಎಂದು ಕೇಳಿ ನೋಡುವ ಹೊಣೆಯನ್ನು ನಮ್ಮ ಕಾನೂನು ಯಾರ ಹೆಗಲಿಗೂ ಗಟ್ಟಿಯಾಗಿ ಹೊರಿಸಿಲ್ಲ. ಅಧಿಕಾರಿಗಳ ಅಸಡ್ಡೆಯೊಂದೇ ಇದಕ್ಕೆ ಕಾರಣವಲ್ಲ. ಪರಿಶೀಲನೆಯ ಇಡೀ ಏರ್ಪಾಟು ಯೋಜನೆಯ ಜಾತಿಯನ್ನೂ ಅಭಯಾರಣ್ಯದ ಗಡಿಯನ್ನೂ ಹಿಡಿದು ನಿಂತಿದೆ, ಜೀವಿಯನ್ನು ಹಿಡಿದು ನಿಂತಿಲ್ಲ. ಬಯಲುಸೀಮೆಯ ಮಟ್ಟಿಗೆ ಇದು ಮೂಲದಲ್ಲೇ ಇರುವ ದೋಷ.

ಏರ್ಪಾಟು ಹೇಗಿದೆ ಎಂದು ಮೊದಲು ನೋಡಬೇಕು. ಕೇಂದ್ರ ಸರ್ಕಾರ 1994ರಲ್ಲಿ ಮೊದಲು ಹೊರಡಿಸಿ, 2006ರ ಸೆಪ್ಟೆಂಬರ್ 14ರಂದು ಹೊಸದಾಗಿ ರೂಪಿಸಿದ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಗೆ ಒಂದು ಅನುಸೂಚಿ ಇದೆ. ಗಣಿ, ಉಕ್ಕು, ಸಿಮೆಂಟು, ಅಣೆಕಟ್ಟು, ಹೆದ್ದಾರಿ, ವಿಮಾನ ನಿಲ್ದಾಣ ಮುಂತಾದ ಯೋಜನೆಗಳು ಅದರಲ್ಲಿವೆ. ಅದರಲ್ಲಿ ಹೆಸರಿರುವ ಯೋಜನೆಗೆ ಮಾತ್ರ ಅಧ್ಯಯನ, ಅಹವಾಲು ಸಭೆ, ತಜ್ಞರ ಸಮಿತಿಯ ಪರಿಶೀಲನೆ. ರೈಲುಮಾರ್ಗ ಆ ಪಟ್ಟಿಯಲ್ಲಿಲ್ಲ. ಗಾಳಿ ವಿದ್ಯುತ್ತೂ ಇಲ್ಲ, ಸೌರಫಲಕಗಳ ವಿದ್ಯುತ್ತೂ ಇಲ್ಲ. ಎರಡನೆಯ ದಾರಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯದು. ರಾಷ್ಟ್ರೀಯ ಉದ್ಯಾನದೊಳಗೆ, ಅಭಯಾರಣ್ಯದೊಳಗೆ ಕಾಮಗಾರಿ ನಡೆಯುವುದಾದರೆ ವನ್ಯಜೀವಿ ಮಂಡಳಿಯ ಒಪ್ಪಿಗೆ ಬೇಕು. 2006ರ ತಿದ್ದುಪಡಿಯ ನಂತರ ಹುಲಿ ಓಡಾಡುವ ಕಾರಿಡಾರಿಗೂ ಅಂಥದೇ ರಕ್ಷಣೆ ದೊರೆತಿದೆ. ಮೂರನೆಯದು 1980ರ ಅರಣ್ಯ ಸಂರಕ್ಷಣಾ ಕಾಯ್ದೆ. ಅರಣ್ಯವೆಂದು ದಾಖಲಾದ ಭೂಮಿಯನ್ನು ಬೇರೆ ಕೆಲಸಕ್ಕೆ ಕೊಡುವಾಗ ಅದು ಎದ್ದು ನಿಲ್ಲುತ್ತದೆ. ಈಗ ತಳಕಲ್ ಸುತ್ತಲಿನ ನೆಲವನ್ನು ಈ ಮೂರು ಜರಡಿಗಳಲ್ಲಿ ಹಾಕಿ ನೋಡಿ. ಇಲ್ಲಿನ ಭೂಮಿ ಬಹುಪಾಲು ರೈತರ ಪಟ್ಟಾ ಜಮೀನು, ಉಳಿದದ್ದು ಕಂದಾಯ ಇಲಾಖೆಯ ಗಾಯರಾಣ, ಬೀಳು, ಕಲ್ಲುಗುಡ್ಡ. ಕಾಡಲ್ಲ, ಅಭಯಾರಣ್ಯವಲ್ಲ, ಹುಲಿಯ ದಾರಿಯೂ ಅಲ್ಲ. ಆದ್ದರಿಂದ ಮೂರೂ ಜರಡಿಯಲ್ಲಿ ಏನೂ ಉಳಿಯದೆ ಎಲ್ಲವೂ ಸೋರಿಹೋಗುತ್ತದೆ.

ಜರಡಿಯಲ್ಲಿ ಉಳಿಯದಿದ್ದ ಮಾತ್ರಕ್ಕೆ ನೆಲದಲ್ಲಿ ಜೀವವಿಲ್ಲವೆಂದು ಅರ್ಥವಲ್ಲ. ಕೊಪ್ಪಳ ಜಿಲ್ಲೆ ಕರ್ನಾಟಕದಲ್ಲಿ ತೋಳಗಳು ಇನ್ನೂ ಉಳಿದಿರುವ ಮುಖ್ಯ ನೆಲೆಗಳಲ್ಲಿ ಒಂದು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 330 ಹೆಕ್ಟೇರ್ ಕುರುಚಲು ಗುಡ್ಡವನ್ನು ತೋಳಧಾಮವಾಗಿಸಲಾಗಿದೆ. ಜಾರ್ಖಂಡಿನ ಮಹುವಾಡಾಂಡ್ ಬಿಟ್ಟರೆ ದೇಶದಲ್ಲಿ ತೋಳಕ್ಕೆಂದೇ ಮೀಸಲಾದ ಜಾಗ ಇದೊಂದೇ. ತುಂಗಭದ್ರೆಯಲ್ಲಿ ಅಣೆಕಟ್ಟಿನ ಬಳಿಯ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಎಂದು ಸಾರಲಾಯಿತು. ಆ ಪ್ರಾಣಿಗೆ ದೇಶದಲ್ಲಿ ದೊರೆತ ಮೊದಲ ಮೀಸಲು ಅದು. ಗಂಗಾವತಿಯ ಬಂಡೆಗುಡ್ಡಗಳಲ್ಲಿ ಕರಡಿ, ಚಿರತೆಗಳಿವೆ. ಯಲಬುರ್ಗಾ, ಕುಕನೂರು ಭಾಗದ ಎರೆಹೊಲಗಳಲ್ಲಿ ಚಿಗರಿಗಳ ಹಿಂಡು ಕಡಲೆ ಬೆಳೆಗೆ ಇಳಿಯುವುದು ಅಲ್ಲಿನ ರೈತರಿಗೆಲ್ಲ ತಿಳಿದ ಸಂಗತಿ. ಪಕ್ಕದ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಭೂಮಿಯಲ್ಲಿ ಬೆರಳೆಣಿಕೆಯಷ್ಟು ಎರ್ಲಡ್ಡು ಹಕ್ಕಿಗಳು ಉಳಿದುಕೊಂಡಿವೆ. ಇಡೀ ದೇಶದಲ್ಲಿ ಅವು 150ಕ್ಕಿಂತ ಕಡಿಮೆ ಎಂಬ ಅಂದಾಜಿದೆ. ತೋಳ, ಚಿಗರಿ, ಕರಡಿ, ಎರ್ಲಡ್ಡು ಇವೆಲ್ಲ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅಂದರೆ ಹುಲಿಗೆ ಕಾನೂನು ಎಷ್ಟು ಬೆಲೆ ಕಟ್ಟಿದೆಯೋ ಇವುಗಳಿಗೂ ಅಷ್ಟೇ ಕಟ್ಟಿದೆ. ತೋಳವನ್ನು ಕೊಂದವನಿಗೆ ಜೈಲು. ಅದರ ಗವಿಯನ್ನು ಅಗೆದು ಹಾಕುವ ಯೋಜನೆಗೆ ಒಂದು ಪ್ರಶ್ನೆಯೂ ಇಲ್ಲ.

ಬಂಕಾಪುರದ ತೋಳಧಾಮವಿದೆಯಲ್ಲ, ಅಷ್ಟು ಸಾಲದೇ ಎಂದು ಕೇಳುವವರಿದ್ದಾರೆ. ತೋಳದ ಬದುಕಿನ ಲೆಕ್ಕವೇ ಇದಕ್ಕೆ ಉತ್ತರ. 330 ಹೆಕ್ಟೇರ್ ಎಂದರೆ ಮೂರು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ನಮ್ಮ ದೇಶದ ತೋಳಗಳಿಗೆ ರೇಡಿಯೋ ಪಟ್ಟಿ ಕಟ್ಟಿ ನಡೆಸಿದ ಅಧ್ಯಯನಗಳು ಒಂದು ಗುಂಪಿನ ಓಡಾಟದ ವ್ಯಾಪ್ತಿ ನೂರಾರು ಚದರ ಕಿಲೋಮೀಟರ್ ಎಂದು ತೋರಿಸಿವೆ. ಧಾಮವು ಮರಿ ಹಾಕಲು ಜಾಗ ಕೊಟ್ಟೀತು, ಹೊಟ್ಟೆಗೆ ಬೇಕಾದುದೆಲ್ಲ ಅದರ ಹೊರಗಿದೆ. ರಾತ್ರಿ ಹೊರಟ ತೋಳ ಹೊಲ, ಹಳ್ಳದ ಬದಿ, ಗಾಯರಾಣ, ಕುರಿಹಟ್ಟಿಗಳನ್ನು ಸುತ್ತಿ ಬೆಳಗಾಗುವ ಹೊತ್ತಿಗೆ ಇಪ್ಪತ್ತು ಕಿಲೋಮೀಟರ್ ನಡೆದಿದ್ದರೂ ಆಶ್ಚರ್ಯವಿಲ್ಲ. ದೇಶದಲ್ಲಿ ಮೂರು ಸಾವಿರದ ಆಸುಪಾಸಿನಲ್ಲಿರುವ ಈ ಪ್ರಾಣಿಗಳ ಬಹುಪಾಲು ಬದುಕು ಸಂರಕ್ಷಿತ ಪ್ರದೇಶಗಳ ಹೊರಗೇ ಸಾಗುತ್ತದೆ. ಹುಲಿಗೆ ಕಾಡಿದೆ, ಕಾಡಿಗೆ ಗಡಿಯಿದೆ, ಗಡಿಗೆ ಕಾನೂನಿದೆ. ತೋಳದ ಮನೆ ಜನರ ನಡುವೆಯೇ ಇರುವ ಬಯಲು. ಆ ಬಯಲು ಸರ್ಕಾರದ ಕಡತಗಳಲ್ಲಿ ಬಹಳ ಕಾಲದಿಂದ ಪಾಳುಭೂಮಿ ಎನಿಸಿಕೊಂಡಿದೆ. ಹುಲ್ಲುಗಾವಲು, ಕುರುಚಲು ನೆಲಗಳನ್ನು ಯಾರಿಗೂ ಬೇಡದ ಜಾಗವೆಂದು ಗುರುತಿಸಿ, ಕೈಗಾರಿಕೆಗೆ, ಸೌರಶಕ್ತಿಗೆ, ನೆಡುತೋಪಿಗೆ ಮೊದಲು ಅದನ್ನೇ ತೋರಿಸುವುದು ರೂಢಿ. ರೈತನ ನೀರಾವರಿ ಜಮೀನು ಉಳಿಯಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಇದು ನಡೆಯುತ್ತದೆ ಎಂಬುದನ್ನು ಒಪ್ಪಬೇಕು. ಆದರೂ ಆ ಉದ್ದೇಶದ ಬೆಲೆಯನ್ನು ಕುರಿಗಾರ ಮತ್ತು ತೋಳ ಇಬ್ಬರೂ ಸೇರಿ ತೆರುತ್ತಿದ್ದಾರೆ.

ರೈಲುಮಾರ್ಗದ ವಿಷಯದಲ್ಲಿ ಹಳಿಗಿಂತ ಮಣ್ಣಿನ ಪ್ರಶ್ನೆ ದೊಡ್ಡದು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಏರಿ ಕಟ್ಟಲಾಗದು. ಬೇರೆ ಕಡೆಯಿಂದ ಗರಸು ತಂದು ಸುರಿಯಬೇಕು. ಗರಸು ಸಿಗುವುದು ದಿಬ್ಬಗಳಲ್ಲಿ, ಬೋಳುಗುಡ್ಡದ ಅಂಚಿನಲ್ಲಿ, ಹಳ್ಳದ ದಂಡೆಯಲ್ಲಿ. ತೋಳ, ನರಿ, ಕತ್ತೆಕಿರುಬಗಳು ಗವಿ ತೋಡುವುದೂ ಅಲ್ಲಿಯೇ. ನೀರು ನಿಲ್ಲದ, ಅಗೆಯಲು ಮೆತ್ತಗಿರುವ, ಸುತ್ತ ಕಣ್ಣಾಡಿಸಲು ಎತ್ತರವಿರುವ ಜಾಗ ಎರೆಬಯಲಿನಲ್ಲಿ ಬೇರೆ ಎಲ್ಲಿದೆ? 2020ರ ಮಾರ್ಚ್ 28ರಂದು ಕೇಂದ್ರವು ರಸ್ತೆ, ಕೊಳವೆಮಾರ್ಗದಂಥ ಉದ್ದ ಯೋಜನೆಗಳಿಗೆ ಸಾಮಾನ್ಯ ಮಣ್ಣು ತೆಗೆಯುವುದಕ್ಕೆ ಪರಿಸರ ಅನುಮತಿಯೇ ಬೇಡ ಎಂದು ವಿನಾಯಿತಿ ಕೊಟ್ಟಿತ್ತು. ಎಷ್ಟು ಮಣ್ಣು, ಎಲ್ಲಿಂದ, ಯಾವ ಎಚ್ಚರಿಕೆಯೊಂದಿಗೆ ಎಂಬ ಮಿತಿಯಿಲ್ಲದ ಆ ವಿನಾಯಿತಿಯನ್ನು ಸುಪ್ರೀಂ ಕೋರ್ಟ್ 2024ರ ಮಾರ್ಚ್ 21ರಂದು ರದ್ದುಪಡಿಸಿತು. ಬಯಲುಸೀಮೆಗೆ ಈ ತೀರ್ಪು ಎಷ್ಟು ಮುಖ್ಯ ಎಂಬುದು ಇಲ್ಲಿ ಹೆಚ್ಚು ಚರ್ಚೆಯಾಗಿಲ್ಲ. ಹಳಿ ಹಾದುಹೋಗುವ ಪಟ್ಟಿ ನಕ್ಷೆಯಲ್ಲಿ ಕಾಣುತ್ತದೆ. ಅದಕ್ಕಾಗಿ ಕರಗಿದ ದಿಬ್ಬಗಳು ಯಾವ ನಕ್ಷೆಯಲ್ಲೂ ಕಾಣುವುದಿಲ್ಲ.

ಗಾಳಿಯಂತ್ರದ ಪರಿಣಾಮ ಇನ್ನೊಂದು ಬಗೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಮಹಾರಾಷ್ಟ್ರದ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನೆಯಬೇಕಾದದ್ದು. ಗಾಳಿಯಂತ್ರವಿದ್ದ ಕಡೆ ಬೇಟೆಹಕ್ಕಿಗಳ ಸಂಖ್ಯೆ, ಇಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆಯಿತ್ತು. ಹದ್ದು ಗಿಡುಗಗಳ ಭಯ ತಪ್ಪಿದ್ದರಿಂದ ಓತಿಗಳು ಹೆಚ್ಚಿದ್ದವು, ಅವುಗಳ ನಡವಳಿಕೆಯೇ ಬದಲಾಗಿತ್ತು. ಅಂದರೆ ಯಂತ್ರದ ರೆಕ್ಕೆಗೆ ಬಡಿದು ಸತ್ತ ಹಕ್ಕಿಗಳನ್ನು ಎಣಿಸಿದರೆ ಲೆಕ್ಕ ಮುಗಿಯುವುದಿಲ್ಲ, ಜೀವಜಾಲದ ಎಳೆಗಳು ಕೆಳಗಿನವರೆಗೂ ಸಡಿಲಾಗುತ್ತವೆ. ತಂತಿಗಳ ಕಥೆ ಇನ್ನೂ ಕಠೋರ. ರಾಜಸ್ಥಾನದ ಥಾರ್ ಪ್ರದೇಶದ ಸುಮಾರು 4,200 ಚದರ ಕಿಲೋಮೀಟರಿನಲ್ಲಿ ವಿದ್ಯುತ್ ತಂತಿಗೆ ಸಿಕ್ಕು ವರ್ಷಕ್ಕೆ 84,000ದಷ್ಟು ಹಕ್ಕಿಗಳು ಸಾಯುತ್ತವೆ ಎಂದು ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜಿಸಿತ್ತು. ಎರ್ಲಡ್ಡು ಭಾರದ ಹಕ್ಕಿ. ಅದರ ಕಣ್ಣುಗಳು ಪಕ್ಕಕ್ಕೆ ಚೆನ್ನಾಗಿ ಕಾಣುತ್ತವೆ, ಎದುರಿನ ನೋಟ ಕಿರಿದು. ತಂತಿ ಕಂಡಾಗ ತಪ್ಪಿಸಿಕೊಳ್ಳುವಷ್ಟು ಚುರುಕಾಗಿ ತಿರುಗಲಾರದು. ಸಿರುಗುಪ್ಪದ ಉಳಿದ ಹಕ್ಕಿಗಳ ಮಟ್ಟಿಗೆ ಒಂದು ಸಾವು ಕೂಡ ಆ ನೆಲದ ವಂಶದ ಅಳಿವು ಉಳಿವಿನ ವಿಚಾರ.

ಹಸಿರು ವಿದ್ಯುತ್ತಿಗೇ ಅಡ್ಡಿ ಮಾಡಿದರೆ ಹೇಗೆ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಇದು ತೂಕದ ಆಕ್ಷೇಪ. ಕಲ್ಲಿದ್ದಲಿನ ಹೊಗೆಯಿಂದ ಬಿಸಿಯೇರುವ ಭೂಮಿಯಲ್ಲಿ ಯಾವ ಹಕ್ಕಿಗೂ ಸುಖವಿಲ್ಲ. ಸುಪ್ರೀಂ ಕೋರ್ಟಿನ ಮುಂದೆಯೂ ಇದೇ ಪ್ರಶ್ನೆ ಬಂತು. ಎರ್ಲಡ್ಡುಗಳ ಉಳಿವಿಗಾಗಿ ಎಂ.ಕೆ. ರಂಜಿತ್‌ಸಿನ್ಹ ಅವರು ಹೂಡಿದ ಪ್ರಕರಣದಲ್ಲಿ ನ್ಯಾಯಾಲಯ 2021ರ ಏಪ್ರಿಲಿನಲ್ಲಿ ರಾಜಸ್ಥಾನ, ಗುಜರಾತಿನ ಸುಮಾರು 99,000 ಚದರ ಕಿಲೋಮೀಟರ್ ಪ್ರದೇಶದಲ್ಲಿ ವಿದ್ಯುತ್ ತಂತಿಗಳನ್ನು ಸಾಧ್ಯವಿದ್ದಲ್ಲೆಲ್ಲ ನೆಲದಡಿ ಹಾಕಬೇಕೆಂದಿತು. ಅಷ್ಟು ವಿಸ್ತಾರಕ್ಕೆ ಅದು ಕಾರ್ಯಸಾಧ್ಯವಲ್ಲವೆಂದು 2024ರ ಮಾರ್ಚ್ 21ರಂದು, ಮಣ್ಣಿನ ತೀರ್ಪು ಬಂದ ಅದೇ ದಿನ, ತನ್ನ ಆದೇಶವನ್ನು ಮಾರ್ಪಡಿಸಿ ತಜ್ಞರ ಸಮಿತಿಯನ್ನು ನೇಮಿಸಿತು. ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ರಕ್ಷಣೆ ಪಡೆಯುವುದು ನಾಗರಿಕರ ಹಕ್ಕು ಎಂದೂ ಹೇಳಿತು. ಎರಡನ್ನೂ ಒಟ್ಟಿಗಿಟ್ಟು ಓದಿದರೆ ದೊರೆಯುವ ಪಾಠ ಸ್ಪಷ್ಟ. ಯಂತ್ರಗಳನ್ನು ನೆಟ್ಟು, ತಂತಿಗಳನ್ನು ಹರಡಿದ ಮೇಲೆ ನ್ಯಾಯಾಲಯಕ್ಕೆ ಹೋದರೆ ಹಕ್ಕಿಗೂ ಪೂರ್ಣ ನ್ಯಾಯ ಸಿಗುವುದಿಲ್ಲ, ಉದ್ಯಮಕ್ಕೂ ಅನಿಶ್ಚಿತತೆ ತಪ್ಪುವುದಿಲ್ಲ. ಎಲ್ಲಿ ನೆಡಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಕಂಬ ನೆಡುವ ಮುನ್ನವೇ ತೀರ್ಮಾನಿಸಿದ್ದರೆ ಇಷ್ಟು ವರ್ಷಗಳ ವ್ಯಾಜ್ಯವೇ ಬೇಕಿರಲಿಲ್ಲ. ಗಾಳಿ ಇಡೀ ಬಯಲಿಗೆ ಬೀಸುತ್ತದೆ. ಗವಿ ಇರುವುದು ಕೆಲವೇ ದಿಬ್ಬಗಳಲ್ಲಿ.

ಪರಿಶೀಲನೆ ಕಡ್ಡಾಯವಾದಲ್ಲಿ ಎಲ್ಲವೂ ಸರಿಯಿದೆಯೇ ಎಂದರೆ ಹಾಗೂ ಇಲ್ಲ. ಕೊಪ್ಪಳ ನಗರದ ಪಕ್ಕದಲ್ಲೇ ಉದ್ದೇಶಿಸಿದ ಉಕ್ಕಿನ ಕಾರ್ಖಾನೆಯ ವಿಸ್ತರಣೆಯ ವಿರುದ್ಧ 2025ರ ಫೆಬ್ರುವರಿಯಲ್ಲಿ ಬಂದ್ ನಡೆದು ಸಾವಿರಾರು ಜನ ಬೀದಿಗಿಳಿದದ್ದು, ಕಾಗದದ ಮೇಲಿನ ಮೌಲ್ಯಮಾಪನದಲ್ಲಿ ಜನರಿಗೆ ನಂಬಿಕೆ ಉಳಿದಿಲ್ಲ ಎಂಬುದರ ಗುರುತು. ವರದಿ ಬರೆಯುವ ಸಲಹಾ ಸಂಸ್ಥೆಗೆ ಹಣ ಕೊಡುವುದು ಯೋಜನೆಯ ಮಾಲೀಕನೇ. ರತ್ನಗಿರಿ ಜಿಲ್ಲೆಯ ಬಾಕ್ಸೈಟ್ ಗಣಿಯೊಂದರ ವರದಿಯಲ್ಲಿ ರಷ್ಯಾದ ಗಣಿಯ ವಿವರಗಳು ನಕಲಾಗಿ ಬಂದಿದ್ದ ಪ್ರಕರಣ ದೇಶಕ್ಕೇ ಗೊತ್ತಾಯಿತು. ಅರ್ಜಿಯ ಮೊದಲ ನಮೂನೆಯಲ್ಲಿ, ಹದಿನೈದು ಕಿಲೋಮೀಟರ್ ಒಳಗೆ ಸೂಕ್ಷ್ಮ ಜೀವಿಗಳು ಮರಿ ಮಾಡುವ, ಮೇಯುವ, ತಂಗುವ, ವಲಸೆ ಬರುವ ಜಾಗಗಳಿವೆಯೇ ಎಂಬ ಒಳ್ಳೆಯ ಪ್ರಶ್ನೆ ಇದೆ. ಗೋವಾದ ಮೋಪಾ ವಿಮಾನ ನಿಲ್ದಾಣದ ಪ್ರಕರಣದಲ್ಲಿ ಆ ನಮೂನೆಯಲ್ಲಿ ಹೇಳಬೇಕಾದ್ದನ್ನು ಹೇಳಿರಲಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಮಾರ್ಚಿನಲ್ಲಿ ಅನುಮತಿಯನ್ನೇ ಅಮಾನತಿನಲ್ಲಿಟ್ಟಿತು. ಮರುವರ್ಷ ಷರತ್ತುಗಳೊಂದಿಗೆ ತಡೆ ತೆರವಾಯಿತು. ಇನ್ನೊಂದು ಕುಂದು ಋತುವಿನದು. ಹಲವು ಅಧ್ಯಯನಗಳು ಮಳೆಗಾಲ ಬಿಟ್ಟು ಒಂದೇ ಋತುವಿನ ಮಾಹಿತಿಯ ಮೇಲೆ ನಿಲ್ಲುತ್ತವೆ. ಬೇಸಿಗೆಯಲ್ಲಿ ಬಂದು ನೋಡಿದವರಿಗೆ ಎರೆಬಯಲು ಬರಿದೇ ಕಾಣುತ್ತದೆ. ತೋಳ ಮರಿ ಹಾಕುವುದು ಹೆಚ್ಚಾಗಿ ಚಳಿಗಾಲದ ಹೊತ್ತಿಗೆ. ಎರ್ಲಡ್ಡು ಮೊಟ್ಟೆಯಿಡುವುದು ಮಳೆಗಾಲದಲ್ಲಿ. ಮಧ್ಯ ಏಷ್ಯಾದಿಂದ ಸೆಳೆವದಂಥ ಬೇಟೆಹಕ್ಕಿಗಳು ಬರುವುದು ಜೋಳ ತೆನೆ ಹಿಡಿಯುವ ದಿನಗಳಲ್ಲಿ. ಮೇ ತಿಂಗಳ ಒಂದು ಸಮೀಕ್ಷೆ ಇವು ಮೂರನ್ನೂ ಕಾಣದೆ, ಇಲ್ಲಿ ಏನೂ ಇಲ್ಲ ಎಂದು ಪ್ರಾಮಾಣಿಕವಾಗಿಯೇ ಬರೆದುಬಿಡಬಹುದು.

ಅಮೆರಿಕದಲ್ಲಿ 1973ರ ಅಳಿವಿನಂಚಿನ ಜೀವಿಗಳ ಕಾಯ್ದೆಯ ಏಳನೆಯ ಕಲಮು ಬೇರೆ ದಾರಿ ಹಿಡಿದಿದೆ. ಅಲ್ಲಿ ಕೇಂದ್ರ ಸರ್ಕಾರದ ಯಾವುದೇ ಇಲಾಖೆ ತಾನು ಮಾಡುವ, ಹಣ ಕೊಡುವ ಅಥವಾ ಅನುಮತಿ ನೀಡುವ ಕೆಲಸ ಪಟ್ಟಿಯಲ್ಲಿರುವ ಜೀವಿಯ ಉಳಿವಿಗೆ ಕುತ್ತು ತರುವುದೇ ಎಂದು ವನ್ಯಜೀವಿ ಇಲಾಖೆಯನ್ನು ಕೇಳಲೇಬೇಕು. ಕೆಲಸ ರೈಲೋ ರಸ್ತೆಯೋ, ಜಾಗ ಕಾಡೋ ಬಯಲೋ ಎಂಬುದು ಎರಡನೆಯ ಮಾತು. ಟೆನೆಸಿಯ ಟೆಲ್ಲಿಕೋ ಅಣೆಕಟ್ಟನ್ನು ಬೆರಳುದ್ದದ ಒಂದು ಮೀನಿಗಾಗಿ ಅಲ್ಲಿನ ಸುಪ್ರೀಂ ಕೋರ್ಟ್ 1978ರಲ್ಲಿ ತಡೆಯಿತು. ಮರುವರ್ಷ ಸಂಸತ್ತು ಆ ಅಣೆಕಟ್ಟಿಗಷ್ಟೇ ವಿನಾಯಿತಿ ಕೊಟ್ಟು ಕೆಲಸ ಮುಗಿಸಿತು. ಮೀನನ್ನು ಬೇರೆ ಹೊಳೆಗಳಿಗೆ ಬಿಟ್ಟು ಉಳಿಸಲಾಯಿತು. ಈ ಪ್ರಸಂಗವನ್ನು ಅಭಿವೃದ್ಧಿಗೆ ಅಡ್ಡ ಬಂದ ಅತಿರೇಕವೆಂದು ಹೇಳುವವರು ಹೆಚ್ಚು. ನನಗೆ ಅದರಲ್ಲಿ ಕಾಣುವುದು ಬೇರೆ: ಕೊನೆಗೆ ಸೋತರೂ ಪ್ರಶ್ನೆಯನ್ನು ಎಲ್ಲರೆದುರು ಕೇಳಲಾಯಿತು, ಸಂಸತ್ತು ತನ್ನ ಹೆಸರಿನಲ್ಲೇ ತೀರ್ಮಾನ ಮಾಡಬೇಕಾಯಿತು, ಮೀನನ್ನು ಉಳಿಸುವ ಯತ್ನವೂ ನಡೆಯಿತು. ನಮ್ಮಲ್ಲೂ ಇದಕ್ಕೆ ಕಾನೂನಿನ ಬೀಜವಿಲ್ಲವೆಂದಲ್ಲ. 2002ರ ಜೀವವೈವಿಧ್ಯ ಕಾಯ್ದೆಯ 36ನೆಯ ಕಲಮು, ಜೀವವೈವಿಧ್ಯಕ್ಕೆ ಧಕ್ಕೆ ತರಬಹುದಾದ ಯೋಜನೆಗಳ ಪರಿಣಾಮವನ್ನು ಅಳೆದು, ಅಗತ್ಯವಿದ್ದಲ್ಲಿ ಜನರನ್ನೂ ಒಳಗೊಂಡು, ಹಾನಿಯನ್ನು ತಪ್ಪಿಸಲು ಕ್ರಮ ಕೈಗೊಳ್ಳಬೇಕೆಂದು ಕೇಂದ್ರ ಸರ್ಕಾರಕ್ಕೆ ಹೇಳುತ್ತದೆ. ಅಲ್ಲಿ ಅಭಯಾರಣ್ಯದ ಗಡಿಯ ಮಾತಿಲ್ಲ, ಯೋಜನೆಗಳ ಪಟ್ಟಿಯ ಮಾತೂ ಇಲ್ಲ. ಅದೇ ಕಾಯ್ದೆಯಡಿ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಯಾವ ದಿಬ್ಬದಲ್ಲಿ ತೋಳ ಮರಿ ಹಾಕುತ್ತದೆ, ಚಿಗರಿಗಳು ಯಾವ ಹಳ್ಳ ದಾಟುತ್ತವೆ ಎಂಬುದು ಕುರಿಗಾರರಿಗೆ ಗೊತ್ತು. ಅದನ್ನು ಬರೆದಿಟ್ಟುಕೊಂಡು ಯೋಜನೆಯ ಕಡತಕ್ಕೆ ಸೇರಿಸುವುದು ಹೊಸ ಕಾನೂನು ಬೇಡುವ ಕೆಲಸವಲ್ಲ.

ಕುರಿಗಾರರ ಹೆಸರು ಬಂದಾಗ ಅವರ ಆಕ್ಷೇಪವನ್ನೂ ಕೇಳಬೇಕು. ತೋಳ ಕುರಿ ಒಯ್ಯುತ್ತದೆ. ಚಿಗರಿ ಬೆಳೆ ಮೇಯುತ್ತದೆ. ದೂರದ ಊರಿನವರು ಅವುಗಳ ಪರವಾಗಿ ವಾದಿಸುವುದು ಸುಲಭ, ನಷ್ಟ ಹಳ್ಳಿಯವರದು. ಪರಿಹಾರದ ಹಣ ತಡವಾಗಿ, ಕಡಿಮೆಯಾಗಿ ಕೈಗೆ ಬರುತ್ತದೆ ಎಂಬ ದೂರು ನ್ಯಾಯವಾದದ್ದು. ಅದನ್ನು ಸರಿಪಡಿಸದೆ ಸಂರಕ್ಷಣೆಯ ಮಾತಾಡುವ ನೈತಿಕ ಬಲ ಯಾರಿಗೂ ಇಲ್ಲ. ಆದರೆ ಗಾಯರಾಣ ಕುಗ್ಗಿದಷ್ಟೂ ಈ ಜಗಳ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಮೇವಿನ ನೆಲ ಹೋದರೆ ಕುರಿಗಳೂ ತೋಳಗಳೂ ಇದ್ದಷ್ಟರಲ್ಲೇ ಒತ್ತಾಗಿ ಬದುಕಬೇಕು. ಕಾಡುಬೇಟೆ ಕಡಿಮೆಯಾದಷ್ಟೂ ತೋಳದ ಕಣ್ಣು ಹಟ್ಟಿಯ ಮೇಲೆ ಬೀಳುತ್ತದೆ. ಜೀವಿಗಳಿಗಾಗಿ ನಡೆಯುವ ಪರಿಶೀಲನೆ ಮೇವಿನ ನೆಲದ ಲೆಕ್ಕವನ್ನೂ ತೆಗೆಯಬೇಕು. ಆಗ ಕುರಿಗಾರನಿಗೆ ಅದು ಎದುರಾಳಿಯ ಕಾಗದವಾಗದೆ ತನ್ನ ಪರವಾದ ದಾಖಲೆಯಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು ಹಿಂದುಳಿದಿರುವಿಕೆಯ ವಾದ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಯಲಬುರ್ಗಾ, ಕುಷ್ಟಗಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿದ್ದವು. 371ಜೆ ವಿಧಿಯ ವಿಶೇಷ ಸ್ಥಾನಮಾನವನ್ನು ಹೋರಾಡಿ ಪಡೆದ ನಾಡು ಇದು. ಇಲ್ಲಿಗೆ ಬರುವ ಒಂದೊಂದು ಯೋಜನೆಗೂ ಇನ್ನೊಂದು ಅಡ್ಡಗಾಲು ಸೇರಿಸಬೇಡಿ ಎಂಬುದು ಸಹಜವಾದ ನೋವು. ಆದರೆ ತಡವಾಗುವುದು ಪರಿಶೀಲನೆಯಿಂದಲೇ? ಗದಗ–ವಾಡಿ ಮಾರ್ಗಕ್ಕೆ ಜೀವಿಗಳ ಪರಿಶೀಲನೆಯನ್ನು ಕಾನೂನು ಕೇಳಿಯೇ ಇರಲಿಲ್ಲ. ಆದರೂ ಮಂಜೂರಾತಿಯಿಂದ ಕುಷ್ಟಗಿಗೆ ರೈಲು ಬರುವವರೆಗೆ ಹನ್ನೊಂದು ಹನ್ನೆರಡು ವರ್ಷ ಹಿಡಿಯಿತು. ಭೂಸ್ವಾಧೀನ, ಅನುದಾನ, ಗುತ್ತಿಗೆಗಳ ದಾರಿಯಲ್ಲಿ ಹೋದ ಕಾಲ ಅದು. ಮೂರು ಋತುಗಳ ಒಂದು ಸಮೀಕ್ಷೆಗೆ ಒಂದೇ ವರ್ಷ ಸಾಕು, ಭೂಸ್ವಾಧೀನದ ನೋಟಿಸು ಹೊರಡುವ ಹೊತ್ತಿಗೆ ಅದೂ ಜೊತೆಯಲ್ಲೇ ಮುಗಿಯುತ್ತದೆ. ಕಾರವಾರ ಕರಾವಳಿಗೆ ಸಾಗಬೇಕಾದ ಹುಬ್ಬಳ್ಳಿ–ಅಂಕೋಲಾ ಮಾರ್ಗವನ್ನು ನೋಡಿದರೆ ಇದರ ಇನ್ನೊಂದು ಮುಖ ಕಾಣುತ್ತದೆ. ಮಾರ್ಗ ಗೊತ್ತುಮಾಡಿದ ಮೇಲೆ ಕಾಡಿನ ಪ್ರಶ್ನೆ ಎದ್ದು, 2020ರ ಮಾರ್ಚಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಮ್ಮೆ ಬೇಡವೆಂದು ಕೆಲವೇ ದಿನಗಳಲ್ಲಿ ಸರಿ ಎಂದಿತು, ವಿಷಯ ಹೈಕೋರ್ಟಿಗೆ ಹೋಯಿತು. ಮೊದಲೇ ಕೇಳಬೇಕಾದ ಪ್ರಶ್ನೆಯನ್ನು ಕೊನೆಗೆ ಕೇಳಿದ್ದರ ಫಲವದು.

ಕೆಲಸ ಇನ್ನೂ ಮುಗಿದಿಲ್ಲ ಎಂಬುದೇ ಇಲ್ಲಿನ ಅನುಕೂಲ. ಕುಷ್ಟಗಿಯಿಂದ ಆಚೆಗಿನ ಮಾರ್ಗದಲ್ಲಿ ಗರಸು ತೆಗೆಯುವ ಜಾಗಗಳನ್ನು ಗುರುತಿಸುವ ಮುನ್ನ ಅರಣ್ಯ ಇಲಾಖೆಯ ಸಿಬ್ಬಂದಿ ಮತ್ತು ಊರಿನ ಕುರಿಗಾರರು ಒಟ್ಟಿಗೆ ನಡೆದು ನೋಡಬಹುದು. ಗವಿಯಿರುವ ದಿಬ್ಬ ಬಿಟ್ಟು ಬೇರೆ ದಿಬ್ಬ ಆರಿಸಬಹುದು. ಎರೆಭೂಮಿಯಲ್ಲಿ ಹಳ್ಳದ ನೀರಿಗಾಗಿ ಹೇಗೂ ಕಿರುಸೇತುವೆ ಕಟ್ಟುತ್ತಾರೆ. ಅದನ್ನು ತುಸು ಅಗಲಿಸಿ, ಒಂದು ಬದಿಯಲ್ಲಿ ಒಣನೆಲ ಬಿಟ್ಟರೆ ಪ್ರಾಣಿಗಳು ಹಳಿಯ ಮೇಲೆ ಹತ್ತದೆ ಕೆಳಗೆ ದಾಟಬಲ್ಲವು. ಉದ್ದ ಯೋಜನೆಗಳಿಗೆಂದೇ ಭಾರತೀಯ ವನ್ಯಜೀವಿ ಸಂಸ್ಥೆ 2016ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಇಂಥ ವಿನ್ಯಾಸಗಳ ವಿವರವಿದೆ. ಗಾಳಿಯಂತ್ರಗಳ ವಿಷಯದಲ್ಲಿ ಒಂದೊಂದು ಕಂಪನಿಯ ಒಂದೊಂದು ಅರ್ಜಿಯನ್ನು ಬಿಡಿಯಾಗಿ ನೋಡುವುದರಿಂದ ಪ್ರಯೋಜನವಿಲ್ಲ. ಹತ್ತು ಕಂಬದಿಂದ ಆಗದ ಹಾನಿ ಐನೂರು ಕಂಬದಿಂದ ಆಗುತ್ತದೆ. ಕೊಪ್ಪಳ, ಗದಗ, ಬಳ್ಳಾರಿ, ರಾಯಚೂರು ಜಿಲ್ಲೆಗಳ ಬಯಲಿಗೆ ಸೇರಿ ಒಂದು ನಕ್ಷೆ ಬೇಕು. ಗವಿಗಳು, ಎರ್ಲಡ್ಡು ಕಂಡ ಹೊಲಗಳು, ಉಳಿದ ಗಾಯರಾಣಗಳು, ವಲಸೆ ಹಕ್ಕಿಗಳ ತಂಗುದಾಣಗಳು ಅದರಲ್ಲಿ ಮೊದಲು ಮೂಡಬೇಕು, ಉಪಕೇಂದ್ರ ಮತ್ತು ತಂತಿಗಳು ಆಮೇಲೆ. ಆ ಸಮೀಕ್ಷೆಯ ವೆಚ್ಚವನ್ನು ಉದ್ಯಮಗಳಿಂದ ವಸೂಲಿ ಮಾಡಿ, ಸಮೀಕ್ಷೆ ನಡೆಸುವವರನ್ನು ರಾಜ್ಯ ಜೀವವೈವಿಧ್ಯ ಮಂಡಳಿ ನೇಮಿಸಬೇಕು. ವರದಿ ಕನ್ನಡದಲ್ಲಿ, ಸಂಬಂಧಪಟ್ಟ ಪಂಚಾಯಿತಿ ಕಚೇರಿಗಳಲ್ಲಿ, ಭೂಮಿ ಕೊಡುವವರು ಸಹಿ ಹಾಕುವುದಕ್ಕೆ ಮುಂಚೆ ಓದಲು ಸಿಗಬೇಕು.